ಬೀರಪ್ಪನ ಮುಗಿಯದ ವಿಳಾಸ

ಹೋದ ತಿಂಗಳು ಮುಧೋಳದಿಂದ ಜಮಖಂಡಿಗೆ ಬಸ್ಸಿನಲ್ಲಿ ಹೊರಟಿದ್ದೆ. ಮುಂಜಾನೆಯಿಂದಲೂ ಜಿಟಿಜಿಟಿ ಮಳೆ. ದಾರಿಯ ನಡುವೆ ಒಂದು ನಿಲ್ದಾಣದಲ್ಲಿ ಕಂಬಳಿ ಹೊದ್ದ ಹಿರಿಯರೊಬ್ಬರು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಅವರ ಕಂಬಳಿ ನೆನೆದು ತೊಪ್ಪೆಯಾಗಿತ್ತು. ಹಸಿ ಉಣ್ಣೆ, ಒಲೆಯ ಹೊಗೆ, ಕುರಿಯ ಮೈ, ಎಲ್ಲ ಸೇರಿದ ಆ ವಾಸನೆಗೆ ಕಿಟಕಿಯ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಅಲ್ಲಾಡದೆ ಕುಳಿತೆ. ಅದೇ ವಾಸನೆ ಒಂದು ದಿನ ಜಮಖಂಡಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ತುಂಬಿಕೊಂಡಿತ್ತು. ಅವತ್ತು ನಾನೊಂದು ಮಾತು ಆಡಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಹೆಚ್ಚು ಕಡಿಮೆ ಒಂದು ವಾರವೇ ಬೇಕಾಯಿತು.

ನಾನು ಬೀಳಗಿಯ ಕಡೆಯವಳು, ಆದರೆ ಬೆಳೆದದ್ದು ಓದಿದ್ದು ದಕ್ಷಿಣದಲ್ಲಿ, ಮಾತೂ ಅಲ್ಲಿಯದೇ. ಆಗ ಜಮಖಂಡಿಯಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಆ ಊರಿಗೆ ಹೋಗಿ ಎರಡು ವರ್ಷವಾಗಿತ್ತಷ್ಟೆ. ಅಲ್ಲಿ ಪರಿಚಯವಾದವರು ತೇರದಾಳದ ಬಾಹುಬಲಿ ಮಾಸ್ತರರು. ಕನ್ನಡ ಸಾಲಿಯಲ್ಲಿ ದುಡಿದು ನಿವೃತ್ತರಾದ ಜೈನ ಹಿರಿಯರು, ತೆಳ್ಳಗಿನ ಮೈ, ಬಿಳಿ ಟೋಪಿ, ಹಳೆಯ ಸ್ಕೂಟರ್. ಹಿಂದಿನ ಒಂದು ಮಹಾಪೂರದಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಹೊಳೆಯ ದಂಡೆಯಲ್ಲಿ ಎತ್ತು ಬಿಡಿಸಲು ಹೋಗಿ ತೀರಿಕೊಂಡಿದ್ದ. ಬ್ಯಾರೇಜಿನಿಂದ ನೀರು ಬಿಡುವ ಮುಂಚೆ ಊರೊಳಗೆ ಡಂಗುರ ಸಾರುತ್ತಾರೆ. ಆದರೆ ಹೊಳೆಯ ದಂಡೆಯ ಹೊಲದಲ್ಲಿ, ಪಂಪಿನ ಮನೆಯಲ್ಲಿ, ನಡುಗಡ್ಡೆಯಲ್ಲಿ ಇರುವವರಿಗೆ ಅದು ಕೇಳಿಸುವುದಿಲ್ಲ. ಆದರೆ ಅವರೆಲ್ಲರ ಕಿಸೆಯಲ್ಲೂ ಫೋನ್ ಇರುತ್ತದೆ. ಮಾಸ್ತರರು ಹಿಡಿದ ಎಳೆ ಅದು.

"ಅಕ್ಕಾರ, ಒಂದ ಸಲಕ್ಕ ಎಲ್ಲಾರಿಗೂ ಫೋನ್ ಹೋಗೂವಂಗ ಮಾಡಾಕ ಬರ್ತೈತೇನ್ರೀ?" ಎಂದು ಕೇಳಿದರು.

ಬರುತ್ತದೆ ಎಂದೆ. ಹಾಗೆ ಶುರುವಾಯಿತು ನಮ್ಮ 'ಹೊಳಿ ಸುದ್ದಿ'.

ಬೇಸಿಗೆಯ ಎರಡು ತಿಂಗಳು ಮಾಸ್ತರರು ಸ್ಕೂಟರಿನಲ್ಲಿ ದಂಡೆಯ ಹಳ್ಳಿಗಳನ್ನು ಸುತ್ತಿದರು. ಉದ್ದ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲಿಗೆ ಒಬ್ಬೊಬ್ಬರನ್ನು ಬರೆದುಕೊಂಡರು. ಹೆಸರು, ಇರುವ ಜಾಗ, ಫೋನ್ ನಂಬರು. ಒಂದೊಂದು ಊರಿನಲ್ಲಿ ಐದಾರು ಬೀರಪ್ಪ, ಏಳೆಂಟು ಮಲ್ಲಪ್ಪ ಇರುವುದರಿಂದ ಅಡ್ಡಹೆಸರನ್ನೂ ಬರೆಯುತ್ತಿದ್ದರು. ಸಾಲಿ ಮಾಸ್ತರರಲ್ಲವೆ, ಅಡ್ಡಹೆಸರಿಗೆ ತಪ್ಪದೆ ಉದ್ಧರಣ ಚಿಹ್ನೆ ಹಾಕುತ್ತಿದ್ದರು: "ಗಡ್ಡದ" ಬೀರಪ್ಪ, "ಟ್ರ್ಯಾಕ್ಟರ್" ಮಲ್ಲಪ್ಪ. ಜಾಗ ಬರೆಯುವಾಗ ಅಲ್ಪವಿರಾಮಗಳು ಬೇಕಾದಷ್ಟು. ಹಿಪ್ಪರಗಿ ಹೊಳಿ ದಂಡಿ, ಹಳೇ ಪಂಪಿನ ಮನಿ ಹಂತ್ಯಾಕ, ಅಂದರೆ ಹತ್ತಿರ.

ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳು ಶೈಲಾ. ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಊರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದಳು. ಮಗ್ಗದ ಸದ್ದಿನಲ್ಲೇ ಬೆಳೆದದ್ದಕ್ಕೋ ಏನೋ, ಸುತ್ತ ಎಷ್ಟು ಗದ್ದಲವಿದ್ದರೂ ಅವಳ ಕಣ್ಣು ಹಾಳೆಯಿಂದ ಕದಲುತ್ತಿರಲಿಲ್ಲ. ರಜೆಯ ದಿನ ಜಮಖಂಡಿಗೆ ಬಂದು ಕೂತು ಟೈಪ್ ಮಾಡುತ್ತಿದ್ದಳು. ಟೈಪ್ ಮಾಡಿದ ಹಾಳೆಯನ್ನು ಪ್ರಿಂಟ್ ತೆಗೆದು ಮಾಸ್ತರರಿಗೆ ಕೊಡುತ್ತಿದ್ದಳು. ಅವರು ಕೆಂಪು ಪೆನ್ನಿನಿಂದ ಸಾಲು ಸಾಲಿಗೂ ಟಿಕ್ ಹಾಕುತ್ತಿದ್ದರು. ಆಮೇಲೆ ನನ್ನ ಪ್ರೋಗ್ರಾಮು ಆ ಪಟ್ಟಿಯನ್ನು ಫೈಲಿಗೆ ಬರೆಯುತ್ತಿತ್ತು. ಕರೆ ಮಾಡುವ ಹೊತ್ತಿಗೆ ಅದೇ ಫೈಲನ್ನು ಮತ್ತೆ ಓದುತ್ತಿತ್ತು.

ಫೋನಿನಲ್ಲಿ ಕೇಳುವ ಧ್ವನಿಯೂ ಶೈಲಾಳದೇ. ಕಾಲೇಜಿನ ಕೋಣೆಯ ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡಿದೆವು. "ಹೊಳಿಗೆ ನೀರು ಬಿಡಾಕತ್ತಾರ್ರೀ. ದನ, ಕುರಿ, ಪಂಪು ಮ್ಯಾಲ ತಗೋರಿ. ನೀವೂ ಮ್ಯಾಲ ಬರ್ರಿ." ಮೂರೇ ಮಾತು. ಎರಡನೆಯ ಸಲಕ್ಕೇ ಸರಿಯಾಗಿ ಬಂತು.

ಆ ವರ್ಷ ಮಳೆ ತಡವಾಗಿ ಬಂದರೂ ಘಟ್ಟದಲ್ಲಿ ಜೋರಾಗಿ ಹಿಡಿಯಿತು. ನಮ್ಮಲ್ಲಿ ಬರೀ ಮೋಡ. ಮೇಲಿನಿಂದ ನೀರು ಬರುತ್ತಿದೆ ಎಂದು ಒಂದು ಮಧ್ಯಾಹ್ನ ಸುದ್ದಿ ಸಿಕ್ಕಿತು. ನಾಲ್ಕು ಗಂಟೆಗೆ ಪಟ್ಟಿಗೆಲ್ಲ ಕರೆ ಕಳಿಸಿದೆವು. ಪರದೆಯ ಮೇಲೆ ಒಂದೊಂದೇ ಹೆಸರಿನ ಮುಂದೆ 'ಎತ್ತಿದರು' 'ಎತ್ತಿದರು' ಎಂದು ಮೂಡುತ್ತಿದ್ದರೆ ಮಾಸ್ತರರು ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದರು. ಕೆಲವರು ತಿರುಗಿ ಫೋನ್ ಮಾಡಿ, ಛಲೋ ಆತ್ರೀ, ಮೋಟರ್ ಬಿಚ್ಚಿದ್ವಿ ಎಂದರು. ನಾವು ಮೂವರೂ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆವು. ನನ್ನ ಪ್ರೋಗ್ರಾಮಿನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು.

ಎರಡು ದಿನ ಬಿಟ್ಟು ಬೀರಪ್ಪ ಬಂದ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಲನ್ನು ಗೋಡೆಗೆ ಒರಗಿಸಿ, ನೆನೆದ ಕಂಬಳಿಯಲ್ಲೇ ಒಳಗೆ ಬಂದ. ಎದೆಯ ತನಕ ನರೆತ ಗಡ್ಡ. ರನ್ನ ಬೆಳಗಲಿಯವನು, ಹಿಪ್ಪರಗಿಯ ಹೊಳೆಯ ದಂಡೆಯಲ್ಲಿ ಕುರಿ ಹಟ್ಟಿ ಹಾಕಿಕೊಂಡಿದ್ದವನು. ಬೈಯಲಿಲ್ಲ, ಕೂಗಲಿಲ್ಲ. ತನ್ನ ಸಣ್ಣ ಫೋನನ್ನು ಮೇಜಿನ ಮೇಲೆ ಇಟ್ಟ.

"ನೋಡ್ರಿ, ಚಾರ್ಜ್ ಐತಿ. ಮೂರು ಗೀಟು ಸಿಗ್ನಲ್ ಐತಿ. ಅವತ್ತೂ ಇತ್ತು. ಆಚಿ ದಂಡೀಯವರಿಗೆ ಯಾವದೋ ಹುಡುಗಿ ಫೋನ್ ಬಂತಂತ. ಪಂಪಿನ ಮನ್ಯಾವಗ ಬಂತಂತ. ನನಗ ಯಾಕ ಬರ್ಲಿಲ್ರೀ?"

ಕರೆ ಹೋದ ಮರುದಿನ ಬೆಳಕು ಹರಿಯುವ ಹೊತ್ತಿಗೆ ನೀರು ಎರಡೂ ಕಡೆಯಿಂದ ಬಂದಿತ್ತು. ಅವನ ಹೆಂಡತಿ ಲಕ್ಕವ್ವ ಎರಡು ಮರಿಗಳನ್ನು ಬಗಲಿಗೆ ಹಾಕಿಕೊಂಡು ಜಾಲಿಯ ಗಿಡ ಹಿಡಿದು ನಿಂತಿದ್ದಳಂತೆ. ಉಳಿದ ಕುರಿಗಳನ್ನು ಅವನು ಈಜಿಸಿ ದಡ ಹತ್ತಿಸಿದ್ದ. ಹನ್ನೊಂದು ಹೋದವು. "ಗಬ್ಬ ಇದ್ದೂವು ನಾಕು" ಎಂದ, ನೆಲ ನೋಡುತ್ತ.

ನಾನು ಪಟ್ಟಿ ತೆರೆದೆ. ಬೀರಪ್ಪನ ಹೆಸರಿತ್ತು. ಜಾಗದ ಕಾಲಮ್ಮಿನಲ್ಲಿ ಪಂಪಿನ ಮನೆ ಎಂದಿತ್ತು. ಫೋನ್ ನಂಬರಿನ ಕಾಲಮ್ಮಿನಲ್ಲಿ ನಂಬರು ಇರಲಿಲ್ಲ. ಅದರ ಬದಲು 'ಕೆಳಗಿನ ಓಣಿ' ಎಂಬ ಎರಡು ಶಬ್ದ, ಕೊನೆಗೊಂದು ಉದ್ಧರಣ ಚಿಹ್ನೆ.

ಶೈಲಾ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ತಿರುಗಿ ಕೂಡ ನೋಡದೆ ಹೇಳಿದೆ, "ಟೈಪ್ ಮಾಡುವಾಗ ತಪ್ಪಾಗಿದೆ. ನಂಬರ್ ಹಾಕುವ ಕಡೆ ಏನೋ ಹಾಕಿದಾರೆ."

"ನಾ ನಂಬರ್ ಹಾಕೇನ್ರೀ ಅಕ್ಕಾರ" ಎಂದಳು ಶೈಲಾ.

"ಇಲ್ಲಿ ಕಾಣ್ತಾ ಇದೆಯಲ್ಲ."

ಬೀರಪ್ಪ ಅವಳ ಕಡೆ ಒಮ್ಮೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ಮಗಳನ್ನು ನೋಡಿದ ಹಾಗೆ ನೋಡಿ, "ಇರ್ಲಿ ಬಿಡ್ರೀ, ಹುಡುಗಿ ಐತಿ" ಎಂದ. ಶೈಲಾ ಚೀಲ ತೆಗೆದುಕೊಂಡು ಮಳೆಯಲ್ಲೇ ಹೊರಟುಹೋದಳು. ಮುಂದಿನ ರಜೆಯ ದಿನ ಅವಳು ಬರಲಿಲ್ಲ.

ಮಾಸ್ತರರು ಅವತ್ತು ಸಂಜೆ ಕೇಳಿದ್ದು ಒಂದೇ ಮಾತು. "ಖಾತ್ರಿ ಐತೇನ್ರೀ ಅಕ್ಕಾರ?"

"ಕಣ್ಣಿಗೆ ಕಾಣ್ತಾ ಇದೆ ಸರ್" ಎಂದೆ. ಖಾತ್ರಿ ಇರಲಿಲ್ಲ. ಮಾಸ್ತರರು ಟಿಕ್ ಹಾಕಿದ ಹಾಳೆಗಳ ಕಟ್ಟು ಅಲ್ಲೇ ಕಪಾಟಿನಲ್ಲಿತ್ತು. ಎದ್ದು ತೆಗೆದು ನೋಡಿದ್ದರೆ ಐದು ನಿಮಿಷದ ಕೆಲಸ. ನಾನು ಏಳಲಿಲ್ಲ. ಯಾಕೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಹಾಳೆಯಲ್ಲಿ ನಂಬರು ಇದ್ದುಬಿಟ್ಟರೆ ತಪ್ಪು ಎಲ್ಲಿಂದ ಬಂತೆಂದು ಹುಡುಕಬೇಕಾಗುತ್ತಿತ್ತು. ಹುಡುಕಲು ಉಳಿಯುತ್ತಿದ್ದದ್ದು ನನ್ನ ಪ್ರೋಗ್ರಾಮು ಒಂದೇ.

ಆ ವಾರದ ಕೊನೆಗೆ ಮಾಸ್ತರರು ಹಿಪ್ಪರಗಿಯಿಂದ ಇನ್ನೊಂದು ಸುದ್ದಿ ತಂದರು. ಅಲ್ಲಿ ಕಾಶವ್ವ ಎಂಬ ಹೆಣ್ಣುಮಗಳಿಗೂ ಫೋನ್ ಬಂದಿರಲಿಲ್ಲ. ಅವಳು ಅವತ್ತು ತವರಿಗೆ ಹೋಗಿದ್ದರಿಂದ ಏನೂ ಆಗಲಿಲ್ಲ. ನಾನು ಪಟ್ಟಿಯಲ್ಲಿ ಹುಡುಕಿದೆ. ಕಾಶವ್ವನ ಹೆಸರೇ ಇರಲಿಲ್ಲ. ಮಾಸ್ತರರ ನೋಟ್‌ಬುಕ್ಕಿನಲ್ಲಿ ಬೀರಪ್ಪನ ಕೆಳಗಿನ ಸಾಲೇ ಅವಳದು.

ಈ ಸಲ ಎದ್ದು ಕಪಾಟು ತೆರೆದೆ. ಪ್ರಿಂಟ್ ಹಾಳೆಯಲ್ಲಿ ಬೀರಪ್ಪನಿದ್ದ, ಅವನ ನಂಬರಿತ್ತು. ಕೆಳಗೆ ಕಾಶವ್ವ, ಅವಳ ನಂಬರು. ಎರಡರ ಮುಂದೆಯೂ ಕೆಂಪು ಟಿಕ್. ಮಾಸ್ತರರು ಹಾಳೆಯನ್ನು ನೋಡಿದರು, ನನ್ನನ್ನೂ ನೋಡಿದರು. "ಬನಹಟ್ಟಿಗೆ ಹೋಗಿ ಬರ್ರಿ" ಎಂದರು.

ಶೈಲಾಳ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮುಗಳು ಓಡುತ್ತಿದ್ದವು. ಬಾಗಿಲಲ್ಲಿ ನಿಂತು ಕರೆದರೆ ಕೇಳಿಸುವುದಿಲ್ಲ. ಅವಳ ತಂದೆ ನನ್ನನ್ನು ನೋಡಿ ಒಂದೊಂದಾಗಿ ಮಗ್ಗ ನಿಲ್ಲಿಸಿದರು. ಶೈಲಾ ಒಳಗಿನಿಂದ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟು ಗೋಡೆಗೆ ಆತು ನಿಂತಳು.

"ನಿನ್ನ ಹಾಳೆ ನೋಡಿದೆ ಶೈಲಾ. ಸರಿಯಾಗೇ ಇದೆ" ಎಂದೆ.

"ನನಗ ಗೊತ್ತಿತ್ರೀ."

ಅವಳ ತಂದೆ ಕೈಯ ಹತ್ತಿಯ ಧೂಳನ್ನು ಪಂಚೆಗೆ ಒರೆಸಿಕೊಂಡು, ಮೆತ್ತಗೆ ಅಂದರು, "ಅಕ್ಕಾರ, ಸೀರಿಯೊಳಗ ಎಳಿ ತಪ್ಪಿತಂದ್ರ ನಾವು ಮೊದಲ ಮಗ್ಗ ನೋಡ್ತೀವ್ರೀ. ಮಗ್ಗ ಸರಿ ಇತ್ತಂದ್ರ ಆಮ್ಯಾಲ ನೇಯ್ದಾವನ್ನ ಕೇಳ್ತೀವಿ. ನೀವು ಮಗ್ಗ ನೋಡ್ಲೇ ಇಲ್ಲ."

ನಾನು ತಲೆ ತಗ್ಗಿಸಿ ಹೌದೆಂದೆ. ತಪ್ಪಾಯಿತು ಎಂದೆ. ಶೈಲಾ ಕೇಳಿದಳು, "ಒಂದು ಕೇಳಲೇನ್ರೀ? ಅವತ್ತಿಂದ ತಲ್ಯಾಗ ಅದ ಓಡಾಕತ್ತೈತಿ. ಬೀರಪ್ಪ ಕಾಕಾ ಬಯಲಾಗ ಹಟ್ಟಿ ಹಾಕ್ಯಾರ. ಅವರಿಗೆ ಓಣಿ ಎಲ್ಲಿಂದ ಬಂತು?"

ಅವಳೇ ಮುಂದುವರಿಸಿದಳು. "ಕೆಳಗಿನ ಓಣಿ ಕಾಶವ್ವಂದ್ರೀ. ಹಿಪ್ಪರಗಿ, ಕೆಳಗಿನ ಓಣಿ. ನನ್ನ ಕೈಲೇ ಬಡದೇನಿ. ಕಾಶವ್ವನ ಓಣಿ ಬೀರಪ್ಪ ಕಾಕಾನ ನಂಬರಿನ ಜಾಗಕ್ಕ ಹೆಂಗ ಬಂತು?"

ಕಾಶವ್ವ ಕಾಣೆಯಾಗಿರುವ ವಿಷಯ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ನಾನು ಹೇಳಿದೆ. ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ನಡೀರಿ. ನೋಡೂಣು" ಎಂದಳು.

ಆ ಮಧ್ಯಾಹ್ನ ಇಬ್ಬರೂ ಕಂಪ್ಯೂಟರ್ ಕೋಣೆಯಲ್ಲಿ ಕೂತೆವು. ಮೊದಲು ಪಟ್ಟಿಯಲ್ಲಿ ಬೀರಪ್ಪನ ಜಾಗದ ಕಾಲಮ್ಮನ್ನು ಅಗಲ ಮಾಡಿದೆ, ಎತ್ತರ ಮಾಡಿದೆ. ಅಲ್ಲಿತ್ತು ಎಲ್ಲವೂ. ಪಂಪಿನ ಮನೆಯ ನಂತರ ಅವನ ಫೋನ್ ನಂಬರು, ಅದರ ಕೆಳಗೆ ಕಾಶವ್ವನ ಹೆಸರು, ಅವಳ ಊರು. ಎಲ್ಲವೂ ಬೀರಪ್ಪನ ವಿಳಾಸದ ಒಂದೇ ಚೌಕದೊಳಗೆ ತುರುಕಿಕೊಂಡಿದ್ದವು. ಚೌಕ ಸಣ್ಣದಿದ್ದುದರಿಂದ ಮೇಲಿನ ಸಾಲು ಮಾತ್ರ ಕಾಣುತ್ತಿತ್ತು. ಅವತ್ತು ನಾನು ಇಷ್ಟನ್ನೂ ಮಾಡಿ ನೋಡಿರಲಿಲ್ಲ.

ಆಮೇಲೆ ಫೈಲನ್ನೇ ಬರಿಯ ಅಕ್ಷರಗಳಾಗಿ ತೆರೆದು ಆ ಸಾಲಿಗೆ ಹೋದೆವು. ಶೈಲಾ ಬೆರಳು ಇಟ್ಟು ತೋರಿಸಿದಳು. "ಇದೇನ್ರೀ ಇಲ್ಲಿ?"

ಪಂಪಿನ ಮನೆಯ ವಿಳಾಸ ಮುಗಿಯುವ ಕಡೆ, ಉದ್ಧರಣ ಚಿಹ್ನೆಗೆ ಸರಿಯಾಗಿ ಮುಂಚೆ, ಹಿಂದಕ್ಕೆ ವಾಲಿದ ಒಂದು ಸಣ್ಣ ಗೆರೆ. ಬ್ಯಾಕ್‌ಸ್ಲಾಶ್. ಕೀಬೋರ್ಡಿನಲ್ಲಿ ಎಂಟರ್ ಕೀಲಿಯ ನೆತ್ತಿಯ ಮೇಲೆಯೇ ಅದು ಕೂತಿರುತ್ತದೆ. ಕಿರುಬೆರಳು ಜಾರಿ ತಗುಲಿರಬೇಕು. ಪ್ರಿಂಟ್ ಹಾಳೆಯಲ್ಲೂ ಅದು ಇತ್ತು. ಮಾಸ್ತರರು ಶಾಯಿಯ ಗೀಟು ಎಂದುಕೊಂಡಿದ್ದರು.

ಕಂಪ್ಯೂಟರ್ ತಿಳಿಯದವರಿಗೂ ಇದನ್ನು ಹೇಳಬಹುದು. ಫೈಲಿನಲ್ಲಿ ಒಂದು ಸಾಲಿಗೆ ಒಬ್ಬರು, ನಡುವೆ ಅಲ್ಪವಿರಾಮ. ವಿಳಾಸದ ಒಳಗೇ ಅಲ್ಪವಿರಾಮ ಇದ್ದರೆ ಗೊಂದಲವಾಗುವುದರಿಂದ ಇಡೀ ವಿಳಾಸವನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಇಡುತ್ತಾರೆ. ಇನ್ನು 'ಗಡ್ಡದ' ಎಂಬಂತೆ ಒಳಗೇ ಉದ್ಧರಣ ಚಿಹ್ನೆ ಬಂದರೆ? ಅದರ ಹಿಂದೆ ಒಂದು ಬ್ಯಾಕ್‌ಸ್ಲಾಶ್ ಹಾಕಬೇಕು. ಮುಂದೆ ಬರುವುದು ಮುಕ್ತಾಯದ ಗುರುತಲ್ಲ, ಬರೀ ಅಕ್ಷರ ಎಂದು ಓದುವವನಿಗೆ ಅದು ಹೇಳುತ್ತದೆ. ಇದಕ್ಕೆ ಎಸ್ಕೇಪ್ ಮಾಡುವುದು ಎನ್ನುತ್ತಾರೆ. ಹಾಗಾದರೆ ಬರಹದಲ್ಲಿ ನಿಜವಾಗಿಯೂ ಬ್ಯಾಕ್‌ಸ್ಲಾಶೇ ಬಂದರೆ? ಅದನ್ನು ಎರಡು ಸಲ ಬರೆಯಬೇಕು. ಆಗ ಅದೂ ಬರೀ ಅಕ್ಷರವಾಗುತ್ತದೆ.

ಈ ಬರೆಯುವ ಓದುವ ಕೆಲಸವನ್ನು ನಾನು ಕೈಯಾರೆ ಮಾಡಿರಲಿಲ್ಲ. ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಲೈಬ್ರರಿಗೆ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಪ್ರೋಗ್ರಾಮಿಗೆ, ಒಪ್ಪಿಸಿದ್ದೆ. ಜಗತ್ತೆಲ್ಲ ಬಳಸುವ ಲೈಬ್ರರಿ ಅದು. ಅದು ಉದ್ಧರಣ ಚಿಹ್ನೆಯ ಹಿಂದೆ ಬ್ಯಾಕ್‌ಸ್ಲಾಶ್ ಹಾಕುತ್ತಿತ್ತು. ಬ್ಯಾಕ್‌ಸ್ಲಾಶನ್ನು ಮಾತ್ರ ಎರಡು ಮಾಡುತ್ತಿರಲಿಲ್ಲ, ಇದ್ದ ಹಾಗೇ ಬರೆದುಬಿಡುತ್ತಿತ್ತು. ಮತ್ತೆ ಓದುವಾಗ ಅದೇ ಲೈಬ್ರರಿ ತಾನೇ ಬರೆದ ಆ ಗೆರೆಯನ್ನು ಕಂಡು, ಮುಂದಿನ ಚಿಹ್ನೆ ಮುಕ್ತಾಯವಲ್ಲ ಎಂದುಕೊಳ್ಳುತ್ತಿತ್ತು. ಬೀರಪ್ಪನ ವಿಳಾಸ ಮುಗಿಯಲೇ ಇಲ್ಲ. ಅವನ ನಂಬರನ್ನೂ ನುಂಗಿ, ಸಾಲು ದಾಟಿ, ಕಾಶವ್ವನ ಹೆಸರನ್ನೂ ನುಂಗಿ, ಅವಳ ವಿಳಾಸದ ಮೊದಲ ಉದ್ಧರಣ ಚಿಹ್ನೆ ಸಿಕ್ಕಾಗ ನಿಂತಿತ್ತು. ಅವಳ ಓಣಿ ಇವನ ನಂಬರಿನ ಜಾಗಕ್ಕೆ ಬಂದು ಕೂತಿತ್ತು.

ನಂಬದೆ ಮೂರು ಸಾಲಿನ ಹೊಸ ಫೈಲು ಮಾಡಿ ನೋಡಿದೆ. ಬರೆಸಿದೆ, ಓದಿಸಿದೆ. ಮತ್ತೆ ಅದೇ. ಶೈಲಾ, "ಇನ್ನೊಮ್ಮಿ ಮಾಡ್ರಿ" ಎಂದಳು. ಹತ್ತು ಸಲ ಮಾಡಿದೆವು. ಹತ್ತು ಸಲವೂ ಬೀರಪ್ಪ ಕಾಶವ್ವನನ್ನು ನುಂಗಿದ.

"ಅಂದ್ರ ನನ್ನ ಬೆರಳೂ ತಪ್ಪೇತಿ" ಎಂದಳು ಶೈಲಾ, ಕಿರುಬೆರಳು ನೋಡಿಕೊಳ್ಳುತ್ತ.

"ಬೆರಳು ಯಾರದೂ ಜಾರುತ್ತೆ. ಏನು ಕೊಟ್ಟರೂ ಹಾಗೇ ಬರೆದಿಟ್ಟು ಹಾಗೇ ವಾಪಸ್ಸು ಕೊಡೋದು ಪ್ರೋಗ್ರಾಮಿನ ಕೆಲಸ" ಎಂದೆ. ಆಮೇಲೆ ನನ್ನ ಪ್ರೋಗ್ರಾಮಿನ ಇನ್ನೊಂದು ಸಾಲನ್ನು ಅವಳಿಗೆ ತೋರಿಸಿದೆ. ತೋರಿಸದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಫೋನಿನ ಕಾಲಮ್ಮಿನಲ್ಲಿ ಅಂಕಿಗಳಿಲ್ಲದಿದ್ದರೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು ಎಂದು ನಾನೇ ಬರೆದಿದ್ದೆ. ಪರದೆಯ ಮೇಲೆ ತಪ್ಪು ಬಂದು ಮಾಸ್ತರರ ಮುಂದೆ ಮುಜುಗರವಾಗಬಾರದೆಂದು. ಲೈಬ್ರರಿಯ ತಪ್ಪು ಯಾರದೋ ಆಗಿರಬಹುದು. ಬೀರಪ್ಪನನ್ನು ದಾಟಿ ಮುಂದೆ ಹೋದ ಆ ಸಾಲು ನನ್ನದು.

ಶೈಲಾ ಅದನ್ನು ಎರಡು ಸಲ ಓದಿದಳು. "ಇದನ್ನ ತಗೀರಿ ಮೊದಲ" ಎಂದಳಷ್ಟೆ.

ಮರುದಿನವೇ ಮೂವರೂ ಬೀರಪ್ಪನ ಹಟ್ಟಿಗೆ ಹೋದೆವು. ಆತ ದಂಡೆ ಬಿಟ್ಟು ಮೇಲಿನ ಎರೆ ಹೊಲಕ್ಕೆ ಬಂದಿದ್ದ. ಕಾಲು ಮೊಳಕಾಲಿನವರೆಗೆ ಹೂತುಹೋಗುವ ಕೆಸರು. ಮಾಸ್ತರರು ಧೋತರ ಎತ್ತಿ ಕಟ್ಟಿ ಮುಂದೆ ನಡೆದರು. ಲಕ್ಕವ್ವ ಹಟ್ಟಿಯ ಸುತ್ತ ಕಟ್ಟಿದ ಬಲೆಯ ಆಚೆ ಒಂದು ಮರಿಗೆ ಹಾಲು ಕುಡಿಸುತ್ತಿದ್ದಳು. ನಾನು ಹೇಳಬೇಕೆಂದುಕೊಂಡದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅಲ್ಲಿ ನಿಂತಾಗ ಉಳಿದದ್ದು ಎರಡೇ ಮಾತು.

"ಕಾಕಾ, ತಪ್ಪು ಈ ಹುಡುಗಿಯದಲ್ಲ. ನಾನು ಬರೆದ ಪ್ರೋಗ್ರಾಮಿನದು. ಅವತ್ತು ಎಲ್ಲರ ಮುಂದೆ ಅವಳ ಮೇಲೆ ಹಾಕಿದೆ, ಅದಕ್ಕೆ ಎಲ್ಲರ ಮುಂದೆಯೇ ಹೇಳೋಕೆ ಬಂದೆ."

ಬೀರಪ್ಪ ಗಡ್ಡ ನೀವಿಕೊಂಡ. "ಏನ ತಪ್ಪಿತ್ರೀ ಅದರಾಗ?"

ನಾನು ವಿವರಿಸಲು ಹೊರಟು ತಡವರಿಸಿದೆ. ಶೈಲಾ ಕೆಳಗೆ ಕೂತು ಒಂದು ಕಡ್ಡಿ ತೆಗೆದುಕೊಂಡಳು. ಹಸಿ ಮಣ್ಣಿನಲ್ಲಿ ಎರಡು ಹಟ್ಟಿ ಬರೆದಳು. "ಇದು ನಿಮ್ಮ ಹಟ್ಟಿ ಕಾಕಾ, ಇದು ಕಾಶವ್ವಂದು. ನಿಮ್ಮ ಹಟ್ಟಿ ಬಾಗಲಾ ಮುಚ್ಚೂ ಮುಂದ ಈ ಕಸಾ ಅಡ್ಡ ಬಂತು. ಬಾಗಲಾ ಮುಚ್ಚಲಿಲ್ಲ. ಆಕೀ ಕುರಿ ಎಲ್ಲಾ ನಿಮ್ಮೊಳಗ ಹೊಕ್ಕು ನೆರದೂವು. ಎಣಸಾವ ಬಂದು ನೋಡಿದ, ಯಾರ್ದು ಯಾವದಂತ ತಿಳೀಲಿಲ್ಲ. ಇಬ್ಬರನ್ನೂ ಬಿಟ್ಟು ಹೋದ."

ಬೀರಪ್ಪ ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದ. "ಎಣಸಾವ ಒದರಬೇಕಿತ್ತು" ಎಂದ.

"ಹೌದು" ಎಂದೆ. "ನಾನೇ ಅವನ ಬಾಯಿ ಕಟ್ಟಿದ್ದೆ."

ಲಕ್ಕವ್ವ ಮರಿಯನ್ನು ಕೆಳಗೆ ಬಿಟ್ಟು ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಬಂದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹೋದೂವು ಏನ್ ಬರಂಗಿಲ್ಲ ಬಿಡವಾ. ಮುಂದಿನ ನೀರಿಗೆ ಫೋನ್ ಬರ್ತೈತಿಲ್ಲೋ, ಅಷ್ಟ ಹೇಳು."

"ಬರುತ್ತೆ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಮಾತು ಕೊಟ್ಟವಳಲ್ಲ.

ಮುಂದಿನ ವಾರವೆಲ್ಲ ಪಾಠ ಮುಗಿಸಿದ ಮೇಲೆ ಅದೇ ಕೆಲಸ. ಬ್ಯಾಕ್‌ಸ್ಲಾಶಿನ ಪದ್ಧತಿಯನ್ನೇ ಬಿಟ್ಟೆ. ಒಳಗೆ ಉದ್ಧರಣ ಚಿಹ್ನೆ ಬಂದರೆ ಅದನ್ನೇ ಎರಡು ಸಲ ಬರೆಯುವ ಇನ್ನೊಂದು ಪದ್ಧತಿ ಆ ಲೈಬ್ರರಿಯಲ್ಲಿತ್ತು. ಅದು ಬ್ಯಾಕ್‌ಸ್ಲಾಶಿಗೆ ಯಾವ ಅರ್ಥವನ್ನೂ ಕೊಡುತ್ತಿರಲಿಲ್ಲ. ಸದ್ದಿಲ್ಲದೆ ದಾಟುವ ಸಾಲನ್ನು ಕಿತ್ತು ಹಾಕಿದೆ. ಬರೆದ ಫೈಲನ್ನು ತಕ್ಷಣ ಮತ್ತೆ ಓದಿ, ಕೊಟ್ಟದ್ದಕ್ಕೂ ಬಂದದ್ದಕ್ಕೂ ಒಂದು ಅಕ್ಷರ ವ್ಯತ್ಯಾಸವಿದ್ದರೂ ಕೂಗಿ ನಿಲ್ಲುವಂತೆ ಮಾಡಿದೆ. ಶೈಲಾ ಬೇಕೆಂದೇ ಕೆಟ್ಟ ಕೆಟ್ಟ ಸಾಲುಗಳನ್ನು ಬರೆದು ತಂದಳು. ಕೊನೆಗೆ ಗೆರೆ, ಮೊದಲಿಗೆ ಗೆರೆ, ಎರಡು ಗೆರೆ, ಗೆರೆಯ ಬೆನ್ನಿಗೆ ಅಲ್ಪವಿರಾಮ, ಬರೀ ಗೆರೆಯೊಂದೇ ಹೆಸರಾಗಿರುವ ಮನುಷ್ಯ. "ಇದಕ್ಕ ಹೆಂಗ ಮಾಡ್ತದ ನೋಡೂಣು" ಎಂದು ಒಂದೊಂದನ್ನೂ ಕೊಡುತ್ತಿದ್ದಳು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಛಲದಿಂದ ನನ್ನ ಪ್ರೋಗ್ರಾಮನ್ನು ಬೀಳಿಸಲು ನೋಡಿರಲಿಲ್ಲ. ಎರಡು ಸಲ ಬೀಳಿಸಿದಳು. ಎರಡು ಸಲವೂ ಎಬ್ಬಿಸಿದೆವು.

ಲೈಬ್ರರಿಯ ತಪ್ಪನ್ನು ಅದನ್ನು ನೋಡಿಕೊಳ್ಳುವವರಿಗೆ ತಿಳಿಸಲು ಹೋದೆ. ಅವರ ಜಾಲತಾಣದಲ್ಲಿ ನೋಡಿದರೆ ಯಾರೋ ಒಬ್ಬರು ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದರು. ಇನ್ನೊಬ್ಬರು ತಿದ್ದುಪಡಿಯನ್ನೂ ಬರೆದಿದ್ದರು. ಹಳೆಯ ಫೈಲುಗಳಿಗೆ ತೊಂದರೆಯಾದೀತೇ ಎಂಬ ಚರ್ಚೆಯಲ್ಲಿ ಅದು ಹಾಗೇ ಕೂತಿತ್ತು. ನಿಜಕ್ಕೂ ಯಾರಿಗೆ ಬೇಕಾಗುತ್ತದೆ ಇದು ಎಂದು ಒಬ್ಬರು ಕೇಳಿದ್ದರು. ನಾನು ಅದರ ಕೆಳಗೆ ನಮ್ಮ ಮೂರು ಸಾಲು ಹಾಕಿದೆ. ನಿಜವಾದ ನಂಬರು ತೆಗೆದು, ನಡೆದದ್ದನ್ನು ಚಿಕ್ಕದಾಗಿ ಬರೆದೆ. ಹೊಳೆ, ಕರೆ, ಹನ್ನೊಂದು ಕುರಿ. ಆ ತಿದ್ದುಪಡಿಯನ್ನು ನನ್ನ ಯಂತ್ರದಲ್ಲಿ ಹಾಕಿ ಶೈಲಾಳ ಎಲ್ಲ ಕೆಟ್ಟ ಸಾಲುಗಳನ್ನೂ ಓಡಿಸಿದೆ. ಎಲ್ಲವೂ ಸರಿಯಾಗಿ ಬಂದವೆಂದು ಬರೆದೆ. ಉತ್ತರ ಬರಲಿಲ್ಲ. ಎರಡು ವಾರಕ್ಕೊಮ್ಮೆ ಮತ್ತೆ ವಿನಯದಿಂದ ಕೇಳಿದೆ. ಒಬ್ಬರು ಬಂದು ಇನ್ನಷ್ಟು ಪರೀಕ್ಷೆ ಬೇಕೆಂದರು, ಬರೆದುಕೊಟ್ಟೆ. ಮತ್ತೊಬ್ಬರು ಬೇರೆ ಥರ ಬರೆಯಿರಿ ಎಂದರು, ಬರೆದೆ. ತಿದ್ದುಪಡಿ ಲೈಬ್ರರಿಯೊಳಗೆ ಸೇರಿಕೊಂಡದ್ದು ಮುಂದಿನ ವರ್ಷ. ಪರೀಕ್ಷೆಯ ಸಾಲುಗಳಲ್ಲಿ ನಮ್ಮ ಹೆಸರುಗಳನ್ನು ತೆಗೆದು ಎ, ಬಿ ಎಂದು ಇಟ್ಟಿದ್ದರು. ಶೈಲಾ ಅದನ್ನು ನೋಡಿ, "ಬೀರಪ್ಪ ಕಾಕಾ ಎ ಆದ್ರೇನ್ರೀ?" ಎಂದು ನಕ್ಕಳು.

ಆದರೆ ಆ ಮಳೆಗಾಲದ ಎರಡನೆಯ ನೀರು ಅಷ್ಟು ದಿನ ಕಾಯಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ಮತ್ತೆ ಸುದ್ದಿ ಬಂತು. ಶೈಲಾ ಝೆರಾಕ್ಸ್ ಅಂಗಡಿಯಿಂದ ರಜೆ ಕೇಳಿಕೊಂಡು ಬಸ್ಸು ಹಿಡಿದು ಬಂದಳು. ಮಾಸ್ತರರು ನೋಟ್‌ಬುಕ್ ಬಿಚ್ಚಿ ಕೂತರು. ಕರೆ ಹೊರಡುವ ಮುಂಚೆ ಅವರು ಒಂದೊಂದೇ ಹೆಸರನ್ನು ಜೋರಾಗಿ ಓದಿದರು, ಶೈಲಾ ಪರದೆಯ ಮೇಲಿನ ನಂಬರು ಓದಿದಳು. ಯಂತ್ರ ಒಮ್ಮೆ ಹೋಲಿಸಿ ನೋಡಿದ್ದನ್ನು ಅವರಿಬ್ಬರೂ ಮತ್ತೆ ಬಾಯಿಂದ ಹೋಲಿಸಿದರು. ನಾನು ಬೇಡ ಎನ್ನಲಿಲ್ಲ.

ಕರೆಗಳು ಹೊರಟವು. ಎತ್ತಿದರು, ಎತ್ತಿದರು, ಎತ್ತಲಿಲ್ಲ, ಎತ್ತಿದರು. ಎತ್ತದವರಿಗೆ ಮಾಸ್ತರರು ತಮ್ಮ ಫೋನಿನಿಂದಲೇ ಮಾಡತೊಡಗಿದರು. ಪಟ್ಟಿ ಕೆಳಗೆ ಇಳಿಯುತ್ತ ಇಳಿಯುತ್ತ ಬೀರಪ್ಪನ ಸಾಲಿಗೆ ಬಂತು. ಶೈಲಾ ಪರದೆಯ ಕಡೆಗೆ ಬಗ್ಗಿದಳು.

ಎತ್ತಿದರು.

ಅದರ ಕೆಳಗೆ ಕಾಶವ್ವ. ಎತ್ತಿದರು.

ಒಂದು ನಿಮಿಷ ಕಳೆದಿರಬೇಕು, ಕೋಣೆಯ ಫೋನ್ ಹೊಡೆದುಕೊಂಡಿತು. ಹತ್ತಿರವಿದ್ದ ಶೈಲಾ ಎತ್ತಿದಳು. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಹಿಂದೆ ಕುರಿಗಳ ಗದ್ದಲ, ಗಾಳಿ.

"ಯವ್ವಾ, ನಾ ಬೀರಪ್ಪ. ನೀ ಹೇಳಿದಿ, ನಾ ಮಾತಾಡಾಕತ್ತಿದ್ದೆ, ನೀ ನನ್ನ ಮಾತ ಕೇಳದ ಇಟ್ಟ ಬಿಟ್ಟಿ. ಅದಕ್ಕ ತಿರಗಿ ಹಚ್ಚೇನಿ. ನಾವು ಮ್ಯಾಲ ಹೊಂಟೇವಿ, ಎಲ್ಲಾ ಹೊಡಕೊಂಡು ಹೊಂಟೇವಿ. ಕೇಳಸಾಕತ್ತೈತಿ?"

ಶೈಲಾ ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಕೇಳಸಾಕತ್ತೈತ್ರೀ ಕಾಕಾ" ಎಂದಳು. "ಹೇಳ್ರಿ. ನಾ ಇಡಂಗಿಲ್ಲ."